ಮುಕ್ತಿಯ ತಾಯಿ ರಮಾಬಾಯಿ

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಾಯಿಯೇ ಸಂಸ್ಕೃತ ಕಲಿಸಿದರು. ಬರಗಾಲ ಹೆತ್ತವರನ್ನು ಕಸಿದುಕೊಂಡಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಪತಿ ತೀರಿಕೊಂಡರು. ಪುಟ್ಟ ಮಗಳು ಮನೋರಮೆಯೊಂದಿಗೆ ಇಂಗ್ಲೆಂಡಿಗೆ ಹೋದ ಅವರು 1883ರಲ್ಲಿ ದೀಕ್ಷಾಸ್ನಾನ ಪಡೆದರು. ತಮಗೆ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತ ಇನ್ನೂ ಸಿಕ್ಕಿಲ್ಲವೆಂದು ಅರಿವಾದದ್ದು ವರ್ಷಗಳ ನಂತರ. ಆಗ ಇಡೀ ಬದುಕನ್ನೇ ಅವನಿಗೆ ಒಪ್ಪಿಸಿಬಿಟ್ಟರು.

1896ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ, ಹಸಿದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಬಳಿಯ ಕೇಡಗಾಂವದ ಮುಕ್ತಿ ಅವರ ಮನೆಯಾಯಿತು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. 1921ರಲ್ಲಿ ಮಗಳೂ ಹೋದಳು. ಆದರೂ ಕೆಲಸ ನಿಲ್ಲಿಸದೆ, ಮರುವರ್ಷ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದರು. ಬರಗಾಲದಲ್ಲಿ ತಬ್ಬಲಿಯಾದವಳು ಬರಗಾಲದ ತಬ್ಬಲಿಗಳಿಗೆ ತಾಯಿಯಾದಳು; ದೇವರಿಗೆ ಒಪ್ಪಿಸಿದ ಬದುಕು ಹೀಗೆ ಸಂದಿತು.