ಶಾಲಾ ತನಿಖೆಯ ಧರ್ಮವನ್ನರಿತ ಎಂ. ಆರ್. ಶ್ರೀ.

ವಚನ ಸಾಹಿತ್ಯದ ಅಭ್ಯಾಸಿಗಳಿಗೆ ಎಂ. ಆರ್. ಶ್ರೀನಿವಾಸಮೂರ್ತಿಗಳ ಹೆಸರು ಅಪರಿಚಿತವಲ್ಲ. ‘ಭಕ್ತಿಭಂಡಾರಿ ಬಸವಣ್ಣನವರು’, ‘ವಚನಧರ್ಮಸಾರ’ಗಳ ಮೂಲಕ ಶರಣರ ವಿಚಾರಗಳನ್ನು ನಾಡಿಗೆ ತಿಳಿಯಹೇಳಿದ ಈ ವಿದ್ವಾಂಸರು ವೃತ್ತಿಯಿಂದ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯವರು ಎಂಬುದನ್ನು ಅಧ್ಯಾಪಕವರ್ಗವು ವಿಶೇಷವಾಗಿ ಸ್ಮರಿಸಬೇಕು.

1892ರಲ್ಲಿ ಜನಿಸಿದ ಅವರು ಅಧ್ಯಾಪಕರಾಗಿಯೂ ಶಾಲೆಗಳ ಇನ್‌ಸ್ಪೆಕ್ಟರಾಗಿಯೂ ಸೇವೆ ಸಲ್ಲಿಸಿ, ಹಳ್ಳಿಯ ಶಾಲೆಗಳ ಸ್ಥಿತಿಗತಿಗಳನ್ನು ಬಲ್ಲವರಾದರು. ತನಿಖೆಯೆಂದರೆ ಉಪಾಧ್ಯಾಯರ ಎದೆ ನಡುಗುತ್ತಿದ್ದ ಕಾಲವದು. 19ನೆಯ ಶತಮಾನದಲ್ಲಿ ನೆರೆಯ ಮದರಾಸು, ಮುಂಬಯಿ ಪ್ರಾಂತ್ಯಗಳಲ್ಲಿ ಪರೀಕ್ಷೆಯ ಫಲವನ್ನು ನೋಡಿಯೇ ಶಾಲೆಗೆ ಅನುದಾನ ನೀಡುವ ಪದ್ಧತಿಯೂ ನಡೆದಿತ್ತು. ಆ ಪದ್ಧತಿ ಅಳಿದರೂ ಅದರ ಭೀತಿ ಅಳಿಯಲಿಲ್ಲ. ಮಗುವಿನ ತಪ್ಪು ಮೇಷ್ಟರ ಅಪರಾಧವಾಗಿ, ಮೇಷ್ಟರ ಕೋಪ ಮಗುವಿನ ಬೆನ್ನಿಗೆ ಏಟಾಗಿ ಪರಿಣಮಿಸುತ್ತಿತ್ತು.

ಈ ಲೋಕವನ್ನೇ ಮೂರ್ತಿಗಳು 1949ರಲ್ಲಿ ಪ್ರಕಟವಾದ ‘ರಂಗಣ್ಣನ ಕನಸಿನ ದಿನಗಳು’ ಕಾದಂಬರಿಯಲ್ಲಿ ಹಾಸ್ಯದ ಲೇಪದೊಡನೆ ಚಿತ್ರಿಸಿದರು. ಜನಾರ್ದನಪುರದ ರೇಂಜಿನಲ್ಲಿ ಸುತ್ತುವ ಇನ್‌ಸ್ಪೆಕ್ಟರ್ ರಂಗಣ್ಣನು ಉಪಾಧ್ಯಾಯರ ಸಂಘಗಳನ್ನು ಹುರಿದುಂಬಿಸುತ್ತಾನೆ. ಅವರ ಕಷ್ಟಸುಖಗಳಿಗೆ ಕಿವಿಗೊಡುತ್ತಾನೆ. ಊರ ಪ್ರಬಲರ ವಿರೋಧವನ್ನೂ ಎದುರಿಸುತ್ತಾನೆ. ಕುಂದನ್ನು ಕಂಡವನು ಅದನ್ನು ತಿದ್ದುವ ದಾರಿಯನ್ನೂ ತೋರಬೇಕೆಂಬುದೇ ಆ ಕಥನದಿಂದ ಅಧ್ಯಾಪಕನು ಪಡೆಯಬಹುದಾದ ಪಾಠ.

ಈ ಧರ್ಮವು ತರಗತಿಗೂ ಸಲ್ಲುತ್ತದೆ. 42ರಲ್ಲಿ 17ನ್ನು ಕಳೆದು 35 ಎಂದು ಬರೆದ ಮಗುವಿಗೆ ಸೊನ್ನೆ ಹಾಕಿದರೆ ಲೆಕ್ಕ ಮುಗಿಯಿತು, ತಪ್ಪು ಉಳಿಯಿತು. ಮಗುವು 7ರಲ್ಲಿ 2ನ್ನು ಕಳೆದಿದೆ, ಹತ್ತರ ಸ್ಥಾನದಿಂದ ಎರವಲು ತರುವುದನ್ನು ಅರಿತಿಲ್ಲವೆಂದು ಕಂಡುಕೊಂಡ ಗುರುವು ಮರುದಿನವೇ ಹತ್ತು ಹತ್ತು ಕಡ್ಡಿಗಳ ಕಂತೆ ಕಟ್ಟಿಸಿ, ಒಂದನ್ನು ಬಿಚ್ಚಿ ತೋರಿಸುತ್ತಾನೆ. ಆ ಬಳಿಕ ಅಂಥದೇ ಇನ್ನೊಂದು ಲೆಕ್ಕವನ್ನು ಕೊಟ್ಟು, ತಿಳಿವು ಮೂಡಿದೆಯೇ ಎಂದು ನೋಡುತ್ತಾನೆ. ಇಲ್ಲಿ ಪರೀಕ್ಷೆಯೇ ಬೋಧನೆಯ ಅಂಗವಾಗುತ್ತದೆ.

1967ರಲ್ಲಿ ಮೈಕೇಲ್ ಸ್ಕ್ರಿವನ್ ರೂಪಣಾತ್ಮಕ ಮೌಲ್ಯಮಾಪನವೆಂಬ ಪರಿಭಾಷೆಯನ್ನು ಬಳಕೆಗೆ ತಂದರು; ಬೆಂಜಮಿನ್ ಬ್ಲೂಮ್ ಅದನ್ನು ವಿದ್ಯಾರ್ಥಿಗಳ ಕಲಿಕೆಗೆ ಅನ್ವಯಿಸಿದರು. 2009ರ ಶಿಕ್ಷಣ ಹಕ್ಕು ಕಾಯಿದೆಯು ವ್ಯಾಪಕ ಹಾಗೂ ನಿರಂತರ ಮೌಲ್ಯಮಾಪನವನ್ನು ವಿಧಿಸಿತು. ವಿಜಯನಗರದ ಆರ್‌ಪಿಸಿ ಲೇಔಟಿನಂಥ ನಗರದ ಬಡಾವಣೆಯಾಗಲಿ, ದೂರದ ಕುಗ್ರಾಮವಾಗಲಿ, ಈ ಹೊಣೆ ಒಂದೇ. ಆದರೆ ಮೌಲ್ಯಮಾಪನವು ವಹಿಯ ಅಂಕಣಗಳನ್ನು ತುಂಬುವ ಕೆಲಸವಾಗಿ, ನಾಳಿನ ಪಾಠ ಕಿಂಚಿತ್ತೂ ಬದಲಾಗದಿದ್ದರೆ, ಹೆಸರು ಹೊಸದಾದರೂ ಹಳೆಯ ತನಿಖೆಯೇ ಮರಳಿ ಬಂದಂತೆ. ಹಿಂದುಳಿದ ಮಗುವು ಹಿಂದೆಯೇ ಉಳಿಯುತ್ತದೆ.

1950ರ ಸೊಲ್ಲಾಪುರದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವು ಮೂರ್ತಿಗಳಿಗೆ ಸಂದಿತು. 1953ರಲ್ಲಿ ಅವರು ಕಾಲವಶರಾದರು. ವಿದ್ವತ್ತಿಗೆ ಸಂದ ಆ ಗೌರವದಷ್ಟೇ ಬೆಲೆಯುಳ್ಳದ್ದು, ಬಡ ಮೇಷ್ಟರನ್ನೂ ಅಂಜಿ ನಿಂತ ಮಗುವನ್ನೂ ಕನಿಕರದಿಂದ ಕಂಡ ಅವರ ದೃಷ್ಟಿ. ಆ ದೃಷ್ಟಿ ಪ್ರತಿಯೊಂದು ತರಗತಿಯಲ್ಲಿಯೂ ನೆಲೆಸುವುದೇ ಅವರಿಗೆ ಸಲ್ಲತಕ್ಕ ಸ್ಮಾರಕ.