ದಿವಾನ್ ಪೂರ್ಣಯ್ಯ

ದಿವಾನ್ ಪೂರ್ಣಯ್ಯ (ನಿಧನ: ಮಾರ್ಚ್ 1812) ಮೈಸೂರು ಸಂಸ್ಥಾನದ ದಿವಾನರು ಹಾಗೂ ಯಳಂದೂರಿನ ಜಹಗೀರುದಾರರು. ಹೈದರ್ ಅಲಿ, ಟಿಪ್ಪು ಸುಲ್ತಾನ್ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ್ ಈ ಮೂವರ ಕಾಲದಲ್ಲಿಯೂ ಉನ್ನತ ಹುದ್ದೆಯಲ್ಲಿದ್ದ ಇವರು ಲೆಕ್ಕಪತ್ರ ನಿರ್ವಹಣೆಗೆ ಹೆಸರಾದವರು.

ಆರಂಭಿಕ ಜೀವನ

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಪೂರ್ಣಯ್ಯನವರು ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಹೈದರನಿಗೆ ಸಾಮಗ್ರಿ ಪೂರೈಸುತ್ತಿದ್ದ ಅನ್ನದಾನ ಶೆಟ್ಟಿಯವರ ಸಂಪರ್ಕದಿಂದ ಸರ್ಕಾರದ ಸೇವೆ ದೊರೆಯಿತು. ಕನ್ನಡ, ಮರಾಠಿ, ಪಾರಸಿ ಭಾಷೆಗಳನ್ನು ಬಲ್ಲ ಇವರು ಕ್ರಮೇಣ ಹಣಕಾಸಿನ ಹೊಣೆ ಹೊತ್ತರು.

ದಿವಾನಗಿರಿ

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಬಾಲಕ ಮುಮ್ಮಡಿ ಕೃಷ್ಣರಾಜರು ಪಟ್ಟವೇರಿದಾಗ ಪೂರ್ಣಯ್ಯನವರು ದಿವಾನರಾದರು. ಅದೇ ವರ್ಷದ ಒಪ್ಪಂದದಂತೆ ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಸಲ್ಲಿಸಬೇಕಾಗಿತ್ತು. ಈ ಹಣದ ಸಂದಾಯಕ್ಕೆ ಧಕ್ಕೆ ಬರುವಂತಿದ್ದರೆ ಆಡಳಿತವನ್ನೇ ವಶಪಡಿಸಿಕೊಳ್ಳುವ ಅಧಿಕಾರ ಕಂಪನಿಗಿತ್ತು. ಹೀಗಾಗಿ ಲೆಕ್ಕ ತಪ್ಪದಿರುವುದು ಸಂಸ್ಥಾನದ ಅಳಿವು ಉಳಿವಿನ ಪ್ರಶ್ನೆಯೇ ಆಗಿತ್ತು.

ಲೆಕ್ಕಪತ್ರ ವ್ಯವಸ್ಥೆ

ಇವರ ಇಲಾಖೆಗಳಲ್ಲಿ ಖಜಾನೆ, ಕಂದಾಯ ಮತ್ತು ಕಂದಾಚಾರ ಮುಖ್ಯವಾದವು. ಖಜಾನೆಯಲ್ಲಿ ಇಬ್ಬರು ಮುಖ್ಯ ಲೆಕ್ಕಿಗರಿದ್ದು, ಒಬ್ಬರು ಮರಾಠಿಯಲ್ಲಿ ಕಾಗದದ ಹಾಳೆಗಳ ಮೇಲೆ, ಇನ್ನೊಬ್ಬರು ಕನ್ನಡದಲ್ಲಿ ಕಡತಗಳಲ್ಲಿ ಅದೇ ಲೆಕ್ಕವನ್ನು ಬರೆಯುತ್ತಿದ್ದರು. ಒಂದು ಇನ್ನೊಂದರ ತಪ್ಪನ್ನು ತೋರಿಸಿಕೊಡುತ್ತಿತ್ತು. ಮಡಿಸುವ ಬಟ್ಟೆಯ ಪುಸ್ತಕಕ್ಕಿದ್ದ ‘ಕಡತ’ ಎಂಬ ಹೆಸರು ಇಂದಿಗೂ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿದೆ. ತಾಲ್ಲೂಕುಗಳ ಕಂದಾಯಕ್ಕೆ ಅಮಲ್ದಾರರು ಹೊಣೆಯಾಗಿದ್ದರು.

ಈ ಆಡಳಿತವನ್ನು ಹೊರಗಿನಿಂದ ಅಳೆದವರು ರೆಸಿಡೆಂಟ್ ಮಾರ್ಕ್ ವಿಲ್ಕ್ಸ್. ಸಂಸ್ಥಾನದ ಆಡಳಿತ, ಸಂಪನ್ಮೂಲ ಹಾಗೂ ವೆಚ್ಚಗಳನ್ನು ಕುರಿತ ಅವರ ವರದಿ 1805ರಲ್ಲಿ ಪ್ರಕಟವಾಯಿತು.

ಟೀಕೆ

ಪೂರ್ಣಯ್ಯನವರು ಖಜಾನೆಯಲ್ಲಿ ಅಪಾರ ಹಣ ಕೂಡಿಟ್ಟರು. ಕಂದಾಯ ಹೆಚ್ಚಿಸುವುದನ್ನೇ ಆಡಳಿತದ ಅಳತೆಗೋಲಾಗಿಸಿಕೊಂಡರೆಂದು ಕೆಲವು ಇತಿಹಾಸಕಾರರು ಆಕ್ಷೇಪಿಸಿದ್ದಾರೆ. ಆದರೆ ಕೆರೆ, ಕಾಲುವೆ, ರಸ್ತೆಗಳಿಗೂ ಅವರು ವೆಚ್ಚ ಮಾಡಿದರು. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ 1804ರಲ್ಲಿ ಪೂರ್ಣಗೊಂಡಿತು.

ಯಳಂದೂರು ಜಹಗೀರು

ಸೇವೆಯ ಗೌರವಾರ್ಥವಾಗಿ 1807ರಲ್ಲಿ ಯಳಂದೂರನ್ನು ಇವರಿಗೆ ಜಹಗೀರಾಗಿ ನೀಡಲಾಯಿತು. ನೆರೆಯ ಕೊಳ್ಳೇಗಾಲವು, ಅದರ ಭಾಗವಾಗಿದ್ದ ಹನೂರು ಸಹಿತ, 1799ರ ನಂತರ ಕಂಪನಿಗೆ ಸೇರಿ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಹೀಗೆ ಅಕ್ಕಪಕ್ಕದ ಊರುಗಳ ದಾಖಲೆಗಳು ದೀರ್ಘಕಾಲ ಬೇರೆ ಬೇರೆ ಸರ್ಕಾರಗಳಲ್ಲಿ ಉಳಿದವು.

ಕೊನೆಯ ದಿನಗಳು

1811ರಲ್ಲಿ ಅಧಿಕಾರವನ್ನು ಮಹಾರಾಜರಿಗೆ ಒಪ್ಪಿಸಿದ ಪೂರ್ಣಯ್ಯನವರು ಮರುವರ್ಷ ಶ್ರೀರಂಗಪಟ್ಟಣದಲ್ಲಿ ನಿಧನರಾದರು. ನಗರದ ದಂಗೆಯ ನಂತರ, 1831ರಲ್ಲಿ, ಆಡಳಿತ ಹದಗೆಟ್ಟಿದೆಯೆಂದು ಕಂಪನಿಯು ಸಂಸ್ಥಾನವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಇವರ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.