ಸಂಗಮದ ವಿಶ್ರಾಂತಿ

ಗುರುಸನ್ನಿಧಿಯಲ್ಲಿ ಅಭ್ಯಾಸವನ್ನು ಮುಗಿಸಿದವನಿಗೆ ದೊರೆಯುವ ಬಿಡುವು ಬಲು ಸವಿಯಾದುದು. ಪಾಠದ ಕಟ್ಟು ಕಳೆದಿರುತ್ತದೆ. ಸಂಸಾರದ ಹೊರೆ ಇನ್ನೂ ಹೆಗಲೇರಿರುವುದಿಲ್ಲ. ಆ ಸವಿಯನ್ನು ಮನಸಾರ ಉಂಡು, ಕರೆ ಬಂದಾಗ ಅದನ್ನು ಬಿಟ್ಟುಕೊಟ್ಟ ಮಹಾನುಭಾವರು ಭಕ್ತಿಭಂಡಾರಿ ಬಸವಣ್ಣನವರು.

12ನೆಯ ಶತಮಾನದಲ್ಲಿ ಬಾಗೇವಾಡಿಯ ಮಾದರಸ-ಮಾದಲಾಂಬಿಕೆಯರ ಪುತ್ರರಾಗಿ ಜನಿಸಿದ ಅವರು, ಕರ್ಮಮಾರ್ಗವು ತಮ್ಮ ಶಿವಭಕ್ತಿಗೆ ಒಗ್ಗದಿರಲು ಜನಿವಾರವನ್ನೂ ಮನೆಯನ್ನೂ ತೊರೆದು, ಕೃಷ್ಣಾ-ಮಲಪ್ರಭೆಯರು ಕೂಡುವ ಸಂಗಮಕ್ಷೇತ್ರವನ್ನು ಸೇರಿದರು. ಈಶಾನ್ಯಗುರುಗಳ ಆಶ್ರಯದಲ್ಲಿ ಅವರ ಶಾಸ್ತ್ರಾಭ್ಯಾಸವು ನಡೆಯಿತೆಂಬುದು ಪರಂಪರೆಯ ಮಾತು. ಹೊಳೆಯ ಅಗ್ಗವಣಿ, ವನದ ಹೂಪತ್ರೆ, ಸಂಗಮನಾಥನ ಪೂಜೆ ಇವುಗಳಲ್ಲಿಯೇ ದಿನಗಳು ಸಂದವು. ಕೇಳುವವರಿಲ್ಲ, ಕಾಡುವವರಿಲ್ಲ. ಬಾಳೆಲ್ಲ ಹೀಗೆಯೇ ಕಳೆಯಲೆಂಬುದೊಂದೇ ಅವರ ಬಯಕೆಯಾಗಿತ್ತು.

ಆದರೆ ಸಂಗಮನಾಥನ ಚಿತ್ತವು ಬೇರೆಯಾಗಿತ್ತು. ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಸ್ವಪ್ನದಲ್ಲಿ ಅಪ್ಪಣೆಯಾಯಿತೆಂದು ಹರಿಹರನು ತನ್ನ ಬಸವರಾಜದೇವರ ರಗಳೆಯಲ್ಲಿ ವರ್ಣಿಸಿದ್ದಾನೆ. ಬಸವಣ್ಣನವರಿಗೆ ಅದು ಅನುಗ್ರಹವೆನಿಸಲಿಲ್ಲ. ಒಡೆಯನೇ ತನ್ನನ್ನು ಹೊರದೂಡಿದನೆಂದು ಬಗೆದು ಅವರು ಹಂಬಲಿಸಿ ಅತ್ತರು. ಆಗ ನಂದಿಯ ಮೂಲಕ ಲಿಂಗವು ಅವರ ಕರಸ್ಥಲಕ್ಕೆ ಬಂದಿತು. ಬಿಟ್ಟು ಹೋಗಬೇಕಾದುದು ಸ್ಥಳವನ್ನು ಮಾತ್ರ, ಸ್ವಾಮಿಯನ್ನಲ್ಲ ಎಂಬುದು ಅವರಿಗೆ ಅಂದು ಮನದಟ್ಟಾಯಿತು.

ಮಂಗಳವಾಡದಲ್ಲಿ ಅವರಿಗೆ ಒದಗಿದ್ದು ಧ್ಯಾನದ ಗುಹೆಯಲ್ಲ, ಭಂಡಾರದ ಲೆಕ್ಕ. ಗಣಕರ ಎಣಿಕೆಯ ತಪ್ಪನ್ನು ತೋರಿಸಿಕೊಟ್ಟು ಕರಣಿಕರಾದರು. ಮುಂದೆ ಭಂಡಾರಿಯೂ ದಂಡನಾಯಕರೂ ಆದರು. 1162ರ ಸುಮಾರಿಗೆ ಬಿಜ್ಜಳನು ಕಲ್ಯಾಣದ ಅರಸುತನವನ್ನು ವಹಿಸಿಕೊಂಡನು. ಆ ಕಲ್ಯಾಣದಲ್ಲಿ ಅಂಬಿಗ, ಮಡಿವಾಳ, ಮಾದಾರರೆಂಬ ಭೇದವಿಲ್ಲದೆ ಶರಣರು ಬಸವಣ್ಣನವರ ಸುತ್ತ ನೆರೆದರು. ಕಾಯಕವೂ ದಾಸೋಹವೂ ಪೂಜೆಗೆ ಸಮನಾಗಿ ನಿಂತವು. ಸಂಗಮದ ಏಕಾಂತದಲ್ಲಿಯೇ ಅವರು ಉಳಿದಿದ್ದರೆ ಈ ಸಂಪತ್ತು ಲೋಕಕ್ಕೆ ದೊರೆಯುವ ಬಗೆ ಯಾವುದು?

1167ರ ಸುಮಾರಿಗೆ ಕಲ್ಯಾಣವು ಕ್ಷೋಭೆಗೊಂಡು ಶರಣರು ಚೆದುರಿದರು. ಬಸವಣ್ಣನವರು ಮರಳಿ ಸಂಗಮಕ್ಕೆ ಬಂದು ಅಲ್ಲಿಯೇ ಐಕ್ಯರಾದರು. ಮೊದಲ ವಿಶ್ರಾಂತಿಯು ಕಲಿತವನ ಬಿಡುವು. ಕಡೆಯದು ದುಡಿದವನ ನೆಲೆ.

ಸದ್ಭಕ್ತರು ಇದನ್ನು ಮನನ ಮಾಡಬೇಕು. ಅನುಷ್ಠಾನದ ಬಿಡುವನ್ನು ಸವಿಯುವುದು ದೋಷವಲ್ಲ. ಬಸವಣ್ಣನವರೂ ಅದನ್ನು ಸವಿದರು. ಆದರೆ ಮನೆಯ, ನೆರೆಯ, ಸಮಾಜದ ಕರೆ ಬಂದಾಗ, ಇಷ್ಟಲಿಂಗವು ಅಂಗೈಯಲ್ಲಿಯೇ ಇದೆಯೆಂಬ ನಚ್ಚಿನಿಂದ ಎದ್ದು ನಡೆಯುವುದೇ ಶರಣಮಾರ್ಗ.